ಕಾಮನ ಬೆಂಕಿಗೆ ನೀರು ಹೊಯ್ದವಳು

ಕಳೆದ ತಿಂಗಳು ಶಿರಸಿಯ ನಮ್ಮ ಮನೆಯಲ್ಲಿ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿಕೊಂಡಿತು. ಸೊಸೆ ಹಪ್ಪಳ ಕರಿಯಲು ಎಣ್ಣೆ ಇಟ್ಟಿದ್ದಳು, ನಡುವೆ ಫೋನು ಬಂತು, ಮಾತಾಡುತ್ತ ಹಿತ್ತಲಿಗೆ ಹೋದಳು. ವಾಪಸು ಬಂದವಳು ಉರಿ ಕಂಡು ಗಾಬರಿಯಾಗಿ ನೀರಿನ ಚೊಂಬನ್ನೇ ಎತ್ತಿಕೊಂಡಳು. "ನೀರು ಹಾಕಬ್ಯಾಡ!" ಎಂದು ನಾನು ಚೀರಿದ್ದು ಬೀದಿಗೆಲ್ಲ ಕೇಳಿರಬೇಕು. ಬಚ್ಚಲ ಬಾಗಿಲಲ್ಲಿ ಕಾಲೊರೆಸಲು ಹಾಕಿದ್ದ ಗೋಣಿತಾಟನ್ನು ಬಕೆಟ್ಟಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಬಾಣಲೆಯ ಮೇಲೆ ಹೊದಿಸಿ ಗ್ಯಾಸು ಬಂದು ಮಾಡಿದೆ. ಉರಿ ಸತ್ತಿತು. ಮನೆಯ ತುಂಬ ತೊಯ್ದ ಗೋಣಿ ಸುಟ್ಟ ವಾಸನೆ ನಿಂತಿತು. ಅರವತ್ತು ವರ್ಷದ ಮೇಲಾಗಿತ್ತು ಆ ವಾಸನೆ ನನ್ನ ಮೂಗಿಗೆ ಬಿದ್ದು…

"ಎಲ್ಲಿ ಕಲಿತ್ರಿ ಅತ್ತೆ ಇದನ್ನ?" ಎಂದು ಸೊಸೆ ಕೇಳಿದಳು. "ನಮ್ಮ ಲೀಡರ್ ಕಲಿಸಿದ್ದು" ಅಂದೆ. "ಯಾವ ಪಾರ್ಟಿಯವರು?" ಅಂದಳು. ನನಗೆ ನಗು ಬಂತು.

ಆ ಲೀಡರ್‌ಗೆ ಹೆಸರಿತ್ತು. ನಾನಿಲ್ಲಿ ಬರೆಯುವುದಿಲ್ಲ. ಇದ್ದಾಗ ಊರು ಅವಳ ಹೆಸರನ್ನು ಒಂದು ಒಳ್ಳೆಯ ಮಾತಿಗೂ ಎತ್ತಲಿಲ್ಲ, ಈಗ ಪುಕ್ಕಟೆ ಯಾಕೆ ಕೊಡಲಿ? ನಾವು ಹುಡುಗಿಯರೆಲ್ಲ ಅವಳನ್ನು ಲೀಡರ್ ಅನ್ನುತ್ತಿದ್ದೆವು. ಅದೇ ಇರಲಿ.

ನಮ್ಮೂರು ಬನವಾಸಿ ಕಡೆಯದು, ಭತ್ತದ ಊರು. ಅಂಗಡಿ ಬೀದಿಯಲ್ಲಿ ನಮ್ಮಂಥ ವ್ಯಾಪಾರಸ್ಥರ ನಾಲ್ಕಾರು ಹೆಂಚಿನ ಮನೆಗಳಿದ್ದವು. ಅದರ ಹಿಂದೆ ಕೆರೆಯ ತನಕ ಒಕ್ಕಲಿನವರ ಕೇರಿ. ಎಲ್ಲವೂ ಹುಲ್ಲು ಹೊದಿಸಿದ ಮನೆಗಳೇ. ಒಂದರ ಸೂರಿನ ಅಂಚು ಇನ್ನೊಂದರ ಸೂರಿಗೆ ತಾಗುವಷ್ಟು ಹತ್ತಿರ, ನಮ್ಮಂಥ ಹುಡುಗಿಯರೂ ಕೈ ಎತ್ತಿದರೆ ಹುಲ್ಲು ಸಿಗುವಷ್ಟು ತಗ್ಗು. ಸಂದಿಗೊಂದರಂತೆ ಹುಲ್ಲಿನ ಬಣವೆ. ಕಡ್ಡಿಪೆಟ್ಟಿಗೆಯನ್ನು ಜನ ಬಂಗಾರದ ಹಾಗೆ ಬಳಸುತ್ತಿದ್ದ ಕಾಲ ಅದು. ಬೆಳಿಗ್ಗೆ ಯಾರೋ ಒಬ್ಬರ ಒಲೆ ಹೊತ್ತಿದರೆ ಉಳಿದವರು ಅಲ್ಲಿಂದ ಕೆಂಡ ತರುತ್ತಿದ್ದರು. ತರುವ ಕೆಲಸ ಹುಡುಗಿಯರದು. ತೆಂಗಿನ ಚಿಪ್ಪಿನಲ್ಲಿ, ಒಡೆದ ಹೆಂಚಿನ ಚೂರಿನಲ್ಲಿ ಕೆಂಡ ಹಿಡಿದುಕೊಂಡು, ಆರಿಹೋದೀತೆಂದು ಗಾಳಿಗೆ ಓಡಿಕೊಂಡೇ ಬರುತ್ತಿದ್ದರು. ಕಿಡಿ ಎಲ್ಲಿ ಬಿತ್ತು ಎಂದು ಹಿಂತಿರುಗಿ ನೋಡಿದವರಿಲ್ಲ.

ಲೀಡರ್ ಆ ಕೇರಿಯವಳು. ನನಗಿಂತ ಎರಡು ವರ್ಷ ದೊಡ್ಡವಳು, ಗಂಡುಹುಡುಗರಿಗಿಂತ ಎತ್ತರ. ಅವಳು ಚಿಕ್ಕವಳಿದ್ದಾಗ ಅವಳ ಚಿಕ್ಕಮ್ಮನ ಸೆರಗಿಗೆ ಒಲೆಯ ಉರಿ ತಾಗಿತ್ತು. ಆ ತಾಯಿ ಕೆರೆಗೆ ಬೀಳಬೇಕೆಂದು ಓಡಿದಳು. ಓಡಿದಷ್ಟೂ ಗಾಳಿ, ಗಾಳಿ ಬೀಸಿದಷ್ಟೂ ಉರಿ. ಹಿಂದೆ ಜನರೂ "ಓಡು, ಓಡು" ಎನ್ನುತ್ತ ಓಡಿದರಂತೆ. ಕೆರೆ ಮುಟ್ಟಲಿಲ್ಲ… ಲೀಡರ್ ಇದನ್ನು ನನಗೆ ಹೇಳಿದ್ದು ಒಂದೇ ಸಲ, ಬಟ್ಟೆ ಒಗೆಯುತ್ತ, ತಲೆ ಎತ್ತದೆ.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು ಕೆಲವು ವರ್ಷಗಳಾಗಿದ್ದವು. ಒಂದು ದಿನ ತಾಲೂಕಿನಿಂದ ಸಾಹೇಬರೊಬ್ಬರು ಜೀಪಿನಲ್ಲಿ ಬಂದು ನಮ್ಮ ಸಾಲೆಯಲ್ಲಿ ಬಾಲಕರ ಅಗ್ನಿದಳ ಕಟ್ಟಿದರು. ಹುಡುಗರಿಗೆ ಖಾಕಿ ಟೊಪ್ಪಿಗೆ ಬಂದವು, ಒಬ್ಬನ ಕೊರಳಿಗೆ ಸೀಟಿ ಬಂತು. ಕೆಂಪು ಬಣ್ಣ ಬಳಿದ ಬಕೆಟ್ಟುಗಳಲ್ಲಿ ಮರಳು ತುಂಬಿ ಸಾಲೆಯ ಪಡಸಾಲೆಯಲ್ಲಿ ಸಾಲಾಗಿ ತೂಗುಹಾಕಿದರು. ಶನಿವಾರ ಬೆಳಿಗ್ಗೆ ಎಡಬಲ ಎಡಬಲ. ನೋಡಲು ಬಹಳ ಚಂದವಿತ್ತು, ಅದನ್ನು ಅಲ್ಲಗಳೆಯುವುದಿಲ್ಲ.

ಲೀಡರ್ ಏಳನೆಯ ಇಯತ್ತೆಯ ಹಿಂದಿನ ಸಾಲಿನಲ್ಲಿ ಎದ್ದು ನಿಂತಳು. "ಸಾಲಿ ಗ್ವಾಡಿ ಕಲ್ಲಿನವು, ಮ್ಯಾಲ ಹಂಚು. ಇಲ್ಲಿ ಏನ್ ಸುಡತೈತ್ರಿ ಮಾಸ್ತರ್ರ? ಬೆಂಕಿ ಬೀಳೂದು ನಮ್ಮ ಕೇರ್ಯಾಗ."

ಹೆಡ್ ಮಾಸ್ತರರು ಕೆಟ್ಟವರೇನಲ್ಲ. "ಅದು ಗಂಡಹುಡುಗರು ನೋಡ್ಕೋತಾರವ್ವ. ನೀವು ಒಲಿ ಮುಂದ ಹುಷಾರಿರ್ರಿ, ಅಷ್ಟ ಸಾಕು" ಅಂದರು.

"ಒಲಿ ಮುಂದ ಕುಂದ್ರಾಕಿ ನಾನು, ಟೊಪಿಗಿ ಅವಂಗ್ಯಾಕ್ರಿ?"

ವರ್ಗವೆಲ್ಲ ಘೊಳ್ಳೆಂದಿತು. ಅವಳನ್ನು ಗಂಟೆ ಹೊಡೆಯುವ ತನಕ ಬಾಗಿಲ ಹೊರಗೆ ನಿಲ್ಲಿಸಿದರು. ಹೊರಗೆ ನಿಂತೇ ಅವಳು ಯೋಚನೆ ಮುಗಿಸಿದ್ದಳು. ಸಂಜೆ ಕೆರೆಯ ಏರಿಯ ಮೇಲೆ, ನೀರಿಗೆ ಬಂದ ಹುಡುಗಿಯರನ್ನು ಕೊಡ ಕೆಳಗಿಡಿಸಿ ತನ್ನ ದಳ ಕಟ್ಟಿದಳು. ನಮಗೆ ಟೊಪ್ಪಿಗೆಯೂ ಇಲ್ಲ, ಸೀಟಿಯೂ ಇಲ್ಲ. ನೀರಿಗೆ ಹೋದವರು ತಡವಾಗಿ ಬಂದರೆಂದು ಮನೆಯಲ್ಲಿ ಬೈಗುಳ ಮಾತ್ರ ಧಾರಾಳ ಸಿಗುತ್ತಿತ್ತು.

ಕಲಿಸಿದ್ದೇನು? ಕೆಂಡವನ್ನು ಚಿಪ್ಪಿನಲ್ಲಿ ತರಬಾರದು; ಗಡಿಗೆಯ ತಳಕ್ಕೆ ಬೂದಿ ಹಾಕಿ, ಕೆಂಡ ಇಟ್ಟು, ಮೇಲೆ ಮುಚ್ಚಳ ಮುಚ್ಚಿ ನಡೆದುಕೊಂಡು ತರಬೇಕು. ಎಣ್ಣೆ ಹತ್ತಿದರೆ ಹಿಂಡಿದ ಗೋಣಿ. ಸೆರಗು ಹತ್ತಿದರೆ ಓಡಬಾರದು, ನೆಲಕ್ಕೆ ಬಿದ್ದು ಉರುಳಬೇಕು. ಇದನ್ನು ಅವಳು ನಮ್ಮಿಂದ ಎಷ್ಟು ಸಲ ಮಾಡಿಸಿದಳೋ… ಏರಿಯ ಮಣ್ಣಿನಲ್ಲಿ ಉರುಳಿ ಉರುಳಿ ಲಂಗವೆಲ್ಲ ಕೆಂಪಾಗುತ್ತಿತ್ತು. ಸೂರು ಹತ್ತಿದರೆ ಏರಿಯಿಂದ ಕೇರಿಯ ತನಕ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ. ಇಷ್ಟರ ಮೇಲೆ ಒಂದು ಕರಾರಿತ್ತು: ಕಲಿತವಳು ತನಗಿಂತ ಚಿಕ್ಕವಳೊಬ್ಬಳಿಗೆ, ಮನೆಯ ಹಿರಿಯಳೊಬ್ಬಳಿಗೆ ಕಲಿಸಬೇಕು. ಇಲ್ಲದಿದ್ದರೆ ಕಲಿತ ಹಾಗಲ್ಲ. ನಾನು ನಮ್ಮ ಅಜ್ಜಿಗೆ ಅಂಗಳದಲ್ಲಿ ಉರುಳಿ ತೋರಿಸಿದೆ. "ಎಮ್ಮಿ ಉಳ್ಳಾಡೂದು ನೋಡೇನಿ, ಹೆಣಮಕ್ಕಳು ಉಳ್ಳಾಡೂದು ನೋಡಿದ್ದಿಲ್ಲವ್ವ" ಎಂದು ಅಜ್ಜಿ ನಕ್ಕಳು. ಆದರೆ ಮಾರನೆಯ ದಿನದಿಂದ ಒಲೆಯ ಮುಂದೆ ಕೂರುವಾಗ ಸೆರಗು ಸೊಂಟಕ್ಕೆ ಸಿಕ್ಕಿಸತೊಡಗಿದಳು.

ಕೊನೆಯ ಪಾಠ ಮಾತ್ರ ನಮಗೆ ಹಿಡಿಸಲಿಲ್ಲ. ಹುಲ್ಲಿನ ಮನೆಗೆ ಉರಿ ಹತ್ತಿತೆಂದರೆ ಆ ಮನೆ ಹೋಯಿತೆಂದೇ ತಿಳಿಯಬೇಕು. ಗಾಳಿ ಎತ್ತ ಇದೆಯೋ ಅತ್ತಲಿನ, ಇನ್ನೂ ಹತ್ತದ ಮನೆಯ ಹುಲ್ಲನ್ನು ದೋಟಿಯಿಂದ ಎಳೆದು ಹಾಕಬೇಕು ಅಂದಳು. ದೋಟಿ ಅಂದರೆ ಮಾವಿನಕಾಯಿ ಕೀಳುವ ಕೊಕ್ಕೆ ಕಟ್ಟಿದ ಉದ್ದನೆಯ ಗಳ. "ಹತ್ತದ ಮನೀನ ಯಾರ್ ಕೆಡವಾಕ ಬಿಡತಾರ?" ಎಂದು ನಾನೇ ಕೇಳಿದೆ.

"ಕೇಳಿದ್ರ ಯಾರೂ ಬಿಡೂದಿಲ್ಲ. ಅದಕ್ಕ ಕೇಳಬಾರದು" ಅಂದಳು.

ಆ ವರ್ಷವೇ ಅವಳ ಮದುವೆಯ ಮಾತು ನಡೆದದ್ದು. ಹುಡುಗ ಬೇರೆ ಯಾರೂ ಅಲ್ಲ, ಸೋದರತ್ತೆಯ ಮಗ. ಅದೇ ಕೇರಿಯ ನಡುವೆ ಅವರ ಮನೆ. ಯುಗಾದಿ ಮುಗಿದ ಮೇಲೆ ಲಗ್ನ ಎಂದು ವೀಳ್ಯ ಬದಲಾಯಿಸಿದ್ದರು. ಅವಳಿಗೆ ಆ ಮನೆ ಇಷ್ಟ, ಅತ್ತೆ ಇಷ್ಟ, ಅವನೂ ಇಷ್ಟ. ಇಷ್ಟ ಎಂದು ಬಾಯಿಬಿಟ್ಟು ಹೇಳುವವಳಲ್ಲ, ಅವನ ಹೆಸರೆತ್ತಿ ಕೆಣಕಿದರೆ ನನ್ನ ಕೊಡಕ್ಕೆ ಮಣ್ಣು ಹಾಕುತ್ತಿದ್ದಳು. ಅತ್ತೆಯದು ಒಂದೇ ಮಾತು: ಲಗ್ನವಾದ ಮೇಲೆ ಈ ಕುಣಿತವೆಲ್ಲ ನಿಲ್ಲಬೇಕು. ಅವಳು ಮಾರನೆಯ ಸಂಜೆಯೂ ಏರಿಗೆ ಬಂದಳು.

ಯುಗಾದಿಗಿಂತ ಮೊದಲು ಹೋಳಿ ಬಂತು. ನಮ್ಮ ಕಡೆ ಕಾಮಣ್ಣನನ್ನು ಸುಟ್ಟ ಮೇಲೆ ಆ ಬೆಂಕಿಯನ್ನು ಮನೆಮನೆಗೂ ಒಯ್ದು ಒಲೆ ಹೊತ್ತಿಸಿ ಕಡಲೆ ಹುರಿಯುತ್ತಾರೆ. ನಮ್ಮೂರಲ್ಲಿ ಇನ್ನೊಂದು ನಂಬಿಕೆಯಿತ್ತು. ಯಾರ ಮನೆಗೆ ಕಾಮನ ಬೆಂಕಿ ಮೊದಲು ಮುಟ್ಟುತ್ತದೋ ಆ ಮನೆಗೆ ವರ್ಷವಿಡೀ ಸಮೃದ್ಧಿ. ಹೀಗಾಗಿ ಹರೆಯದ ಗಂಡಸರು ಉರಿಯುವ ಕೊಳ್ಳಿ ಹಿಡಿದು ಹುಲ್ಲಿನ ಸೂರುಗಳ ನಡುವೆ ಪಂದ್ಯ ಕಟ್ಟಿ ಓಡುತ್ತಿದ್ದರು. ಕಾಮನ ಬೆಂಕಿಗೆ ಮುಚ್ಚಳ ಹಾಕುವ ಹಾಗಿಲ್ಲ, ನೀರು ಸೋಕಿಸುವ ಹಾಗಿಲ್ಲ. ಸಾಲದ್ದಕ್ಕೆ ಆ ದಿನ ಗಂಡಸರ ಬಾಯಿಗೆ ಬೀಗವಿರುವುದಿಲ್ಲವಾದ್ದರಿಂದ ಹೆಣ್ಣುಮಕ್ಕಳು ಹೊಸ್ತಿಲು ದಾಟುವ ಹಾಗಿಲ್ಲ. ಅಂದರೆ ಕೇರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಂಕಿ ಓಡಾಡುವ ದಿನವೇ ನಮ್ಮ ದಳ ಬಾಗಿಲು ಹಾಕಿಕೊಂಡು ಒಳಗೆ ಕೂರಬೇಕು!

ಲೀಡರ್ ಹಬ್ಬಕ್ಕೆ ಮೊದಲೇ ಕೇರಿಯ ಹಿರಿಯರ ಬಳಿ ಹೋಗಿ, ಬೆಂಕಿಯನ್ನು ಮುಚ್ಚಿದ ಗಡಿಗೆಯಲ್ಲಿ ಒಯ್ಯಲಿ ಎಂದು ಕೇಳಿದಳು. ನಾನೂ ಜೊತೆಗಿದ್ದೆ. "ಕಾಮನ ಬೆಂಕಿ ಮುಚ್ಚಿ ಒಯ್ಯಾಕ ಅದೇನು ಕಳವಿನ ಮಾಲೇನ?" ಎಂದು ಹಿರಿಯರು ಎಲೆ ಉಗುಳಿದರು. "ಅವತ್ತ ಹೆಣಮಕ್ಕಳು ಹೊರಗ ಬರೂದಿಲ್ಲ. ಗೊತ್ತೈತಿಲ್ಲೋ?"

"ಬರತೇವ್ರಿ ಅಜ್ಜಾರ" ಎಂದು ಎದ್ದು ಬಂದಳು.

ಬಂದೆವು. ಎಲ್ಲರೂ ಅಲ್ಲ, ಕೆಲವರ ತಾಯಂದಿರು ಹೊರಗಿನಿಂದ ಚಿಲಕ ಹಾಕಿದ್ದರು. ನಾನು ಹಿತ್ತಲ ಬಾಗಿಲಿನಿಂದ ತಪ್ಪಿಸಿಕೊಂಡು ಹೋದೆ. ಬೆಳಗಿನ ಬಿಸಿಲು ಏರುವ ಹೊತ್ತು. ಕೇರಿಯ ಬಾಯಿಯಲ್ಲಿ ತುಂಬಿದ ಕೊಡಗಳು, ತೊಯ್ದ ಗೋಣಿಗಳು, ದೋಟಿಗಳು, ಬೂದಿ ಹಾಕಿದ ಗಡಿಗೆಗಳು, ನಡುವೆ ಲೀಡರ್. ಹಲಗೆ ಬಾರಿಸುತ್ತ ಬಂದ ಗಂಡಸರು ನಮ್ಮನ್ನು ನೋಡಿ ಅಂದ ಮಾತುಗಳನ್ನು ಈ ವಯಸ್ಸಿನಲ್ಲೂ ಬರೆಯಲಾರೆ. ಮುಖಕ್ಕೆ ಬಣ್ಣ ಎರಚಿದರು. ಅವಳು ಒರೆಸಿಕೊಂಡು ಅಲ್ಲೇ ನಿಂತಳು. ಅವಳು ನಿಂತಿದ್ದಕ್ಕೆ ನಾವೂ ನಿಂತೆವು. ಇಬ್ಬರೋ ಮೂವರೋ ನಾಚಿಕೆಪಟ್ಟು ನಮ್ಮ ಗಡಿಗೆ ಇಸಿದುಕೊಂಡರು. ಉಳಿದವರು ಕೊಳ್ಳಿ ಎತ್ತಿಕೊಂಡು ನಮ್ಮನ್ನು ನೂಕಿ ಓಡಿದರು. ಮುಂದಿದ್ದವನನ್ನು ಹಿಂದಿಕ್ಕಲು ಒಬ್ಬ ಸೂರಿನಡಿಗೆ ನುಗ್ಗಿದ. ಹೆಗಲ ಮೇಲಿನ ಕೊಳ್ಳಿ ಹುಲ್ಲಿಗೆ ಸವರಿತು.

ಫಾಲ್ಗುಣದ ಹುಲ್ಲು. ಹತ್ತಿದ್ದು ಕಾಣಿಸಲೇ ಇಲ್ಲ, ಉರಿಯುವುದೇ ಕಂಡಿತು.

ಆಗ ನಡೆದದ್ದನ್ನು ನಾನು ಸಾಯುವ ತನಕ ಹೇಳುತ್ತಲೇ ಇರುತ್ತೇನೆ. ಹಿರಿಯರು ಕೈ ಅಡ್ಡ ಹಿಡಿದು, "ಕಾಮನ ಬೆಂಕಿ ಐತಿ, ನೀರು ಹಾಕಬ್ಯಾಡ್ರಿ! ಹಾಲು ತರ್ರಿ, ಹಾಲು!" ಅಂದರು. ಒಬ್ಬ ನಿಜವಾಗಿಯೂ ಹಾಲಿಗೆ ಓಡಿದ. ತಂಬಿಗೆಯಲ್ಲಿ ಹಾಲು ಹಿಡಿದು ವಾಪಸು ಬಂದು, ಉರಿಯ ಮುಂದೆ ಪೆಚ್ಚಾಗಿ ನಿಂತಿದ್ದ. ಅಗ್ನಿದಳದ ಹುಡುಗರು ಮುಖಕ್ಕೆಲ್ಲ ಬಣ್ಣ ಮೆತ್ತಿಕೊಂಡು ಅಲ್ಲೇ ಇದ್ದರು. ಸೂಟಿಯಾದ್ದರಿಂದ ಕೆಂಪು ಬಕೆಟ್ಟುಗಳೆಲ್ಲ ಬೀಗ ಹಾಕಿದ ಸಾಲೆಯ ಒಳಗೆ, ಕೀಲಿ ಇದ್ದ ಸಿಪಾಯಿ ಅವನ ಊರಿಗೆ! ಲೀಡರ್ ಹಿರಿಯರ ಕೈ ಸರಿಸಿ ಮೊದಲ ಕೊಡ ಎತ್ತಿ ಹೊಯ್ದಳು. ಆಮೇಲೆ ನಾವೆಲ್ಲ ಹೊಯ್ದೆವು. ಏರಿಯಿಂದ ಕೊಡಗಳು ಕೈ ಬದಲಾಗುತ್ತ ಬಂದವು. ಚಿಲಕ ಹಾಕಿದ್ದ ತಾಯಂದಿರೂ ಬಂದು ಸಾಲಿಗೆ ಸೇರಿದರು. ದನಗಳ ಹಗ್ಗ ಕೊಯ್ದು ಬಿಟ್ಟರು, ಮಕ್ಕಳನ್ನು ಹೊರಗೆಳೆದರು. ಜೀವ ಯಾವುದೂ ಹೋಗಲಿಲ್ಲ. ಆದರೆ ಗಾಳಿ ನಮ್ಮ ಮಾತು ಕೇಳಲಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಉರಿ ದಾಟುತ್ತಲೇ ಹೋಯಿತು.

ಇನ್ನೂ ಹತ್ತದೆ ಮುಂದೆ ನಿಂತಿದ್ದ ಮನೆ ಅವಳ ಅತ್ತೆಯದು.

ಲೀಡರ್ ಒಮ್ಮೆ ನನ್ನ ಕಡೆ ನೋಡಿದಳು. ದೋಟಿ ಎತ್ತಿ ಆ ಸೂರಿಗೆ ಸಿಕ್ಕಿಸಿದಳು. ಅತ್ತೆ ಬಾಗಿಲಲ್ಲಿ ಎರಡೂ ಕೈ ಚಾಚಿ ಅಡ್ಡ ನಿಂತಳು. "ಏ, ನಿನ್ನ ಸೋದರತ್ತಿ ಮನಿ ಇದು! ನಾಳೆ ನೀ ದೀಪ ಹಚ್ಚೂ ಮನಿ!"

"ಅದಕ್ಕ ಎಳ್ಯಾಕತ್ತೇನಿ. ಬದಿಗೆ ಸರಿ ಅತ್ತಿ."

ಅತ್ತೆಯ ಮಗ ಭತ್ತದ ಚೀಲ ಹೊತ್ತುಕೊಂಡು ಅಂಗಳದಲ್ಲೇ ನಿಂತಿದ್ದ. ತಾಯಿಯನ್ನು ಬದಿಗೆ ಕರೆಯಲಿಲ್ಲ. ದೋಟಿಗೆ ಒಂದು ಕೈ ಕೊಡಲೂ ಇಲ್ಲ. ನಾವು ಹುಡುಗಿಯರೇ ದೋಟಿಗೆ ಜೋತುಬಿದ್ದು ಎಳೆದೆವು. ವರ್ಷಗಳ ಹುಲ್ಲು, ಹೊಗೆಯ ಇಲ್ಲಣ, ಅಡಿಕೆ ದಬ್ಬೆ ಎಲ್ಲ ನಮ್ಮ ತಲೆಯ ಮೇಲೇ ಕಳಚಿ ಬಿತ್ತು. ಅದನ್ನು ಬಾಚಿ ದೂರಕ್ಕೆ ಒಯ್ದು ಹಾಕಿದೆವು, ಬೋಳಾದ ತೊಲೆಗಳಿಗೆ ತೊಯ್ದ ಗೋಣಿ ಹೊದಿಸಿದೆವು. ಉರಿ ಬಂತು. ಗೋಣಿ ಸುಟ್ಟಿತು, ಹೊಗೆ ಕಣ್ಣಿಗೆ ಹೊಡೆಯಿತು. ಆದರೆ ಮಣ್ಣಿನ ಗೋಡೆಗಳನ್ನು ದಾಟಿ ಮುಂದೆ ಹೋಗಲು ಅದಕ್ಕೆ ಹುಲ್ಲು ಸಿಗಲಿಲ್ಲ. ಅಲ್ಲೇ ನಿಂತಿತು. ಅದರಾಚೆ ಕೆರೆಯ ತನಕ ಇದ್ದ ಅರ್ಧ ಕೇರಿ ಉಳಿಯಿತು.

ಆ ದಿನ ಅಪ್ಪ ನನಗೆ ಹೊಡೆದರು. ಅದು ದೊಡ್ಡ ಮಾತಲ್ಲ. ಅವಳಿಗೆ ಆದದ್ದು ದೊಡ್ಡದು. ಮನೆ ಉಳಿದವರೆಲ್ಲ ಕಾಮಣ್ಣ ಕಾಪಾಡಿದ ಎಂದು ಕಾಯಿ ಒಡೆದರು. ಮನೆ ಸುಟ್ಟವರು, ಕಾಮನ ಬೆಂಕಿಗೆ ನೀರು ಹಾಕಿದ್ದಕ್ಕೇ ಅದು ಕೆರಳಿತು ಅಂದರು. ಅತ್ತೆ, "ಮನಿಗೆ ಬರೂಕಿಂತ ಮೊದಲ ನಮ್ಮ ನೆತ್ತಿ ಬಯಲ ಮಾಡಿದಾಕಿ, ಬಂದ ಮ್ಯಾಲ ಏನ್ ಮಾಡ್ಯಾಳು!" ಎಂದು ಕೇರಿಗೆ ಕೇಳುವಂತೆ ಅತ್ತಳು. ಹಿರಿಯರು ಕೂತು ಒಂದು ದಾರಿ ಹುಡುಕಿದರು: ಹುಡುಗಿ ಎಲ್ಲರ ಎದುರು ತಪ್ಪಾಯಿತು ಎಂದು ಹೇಳಿ, ಕಾಮನನ್ನು ಸುಟ್ಟ ಜಾಗಕ್ಕೆ ಹಾಲೆರೆಯಲಿ, ಅತ್ತೆ ಮುನಿಸು ಬಿಡಲಿ, ಲಗ್ನ ನಡೆಯಲಿ. ಅವಳ ಅಪ್ಪ ಮಗಳ ಮುಂದೆ ಕೈ ಮುಗಿದನಂತೆ.

ನಾನು ಆ ಕೂಟದ ಹಿಂದೆ ನಿಂತಿದ್ದೆ. ಅವಳ ಕೈಯಲ್ಲಿ ಹಾಲಿನ ತಂಬಿಗೆ ಕೊಟ್ಟಿದ್ದರು. ಅವಳು ಅದನ್ನು ಕೆಳಗಿಟ್ಟಳು. "ಅತ್ತಿ ಮನಿ ಹುಲ್ಲು ನಾನ ಹೊದಿಸಿ ಕೊಡತೇನಿ. ತಪ್ಪಾತು ಅಂತ ಮಾತ್ರ ಅನ್ನೂದಿಲ್ಲ. ತಪ್ಪಾಗಿಲ್ಲ" ಅಂದಳು. ದನಿ ನಡುಗುತ್ತಿತ್ತು. ಧೈರ್ಯವಂತರ ದನಿ ನಡುಗುವುದಿಲ್ಲ ಎನ್ನುವವರು ಅವತ್ತು ಅಲ್ಲಿರಬೇಕಿತ್ತು.

ಹೇಳಿದ ಹಾಗೆ ಮಾಡಿದಳು. ಅಪ್ಪನ ಬಣವೆಯಿಂದ ಹುಲ್ಲು ಹೊತ್ತು ಹಾಕಿದಳು, ನಾವೂ ಹೊತ್ತೆವು. ಮೇಲೆ ಹತ್ತಿ ಹೊದಿಸಿದವರು ಅವಳ ಅಪ್ಪ ಮತ್ತು ಚಿಕ್ಕಪ್ಪ. ಅಷ್ಟು ದಿನವೂ ಅತ್ತೆ ಹೊರಗೆ ಬರಲಿಲ್ಲ, ಒಂದು ಲೋಟ ಮಜ್ಜಿಗೆ ಕೊಡಲಿಲ್ಲ. ಮನೆಗೆ ಸೂರು ಬಂತು, ಲಗ್ನ ಮುರಿಯಿತು. ತಾಲೂಕಿನ ಸಾಹೇಬರು ಬಂದು, ಸುಟ್ಟ ಮನೆಗಳ ಮುಂದೆ ಅಗ್ನಿದಳದ ಹುಡುಗರನ್ನು ಕೆಂಪು ಬಕೆಟ್ಟಿನ ಸಮೇತ ನಿಲ್ಲಿಸಿ ಫೋಟೋ ತೆಗೆಸಿದರು. ಅದು ಸಾಲೆಯ ಗೋಡೆಗೆ ಏರಿತು.

ಮಳೆಗಾಲ ಮುಗಿಯುತ್ತಲೇ ಅವಳನ್ನು ಹಾನಗಲ್ಲಿನ ಕಡೆ, ಹೆಂಡತಿ ತೀರಿಕೊಂಡಿದ್ದ ಒಬ್ಬರಿಗೆ ಕೊಟ್ಟರು. ಅವಳು ಬಂಡಿ ಹತ್ತುವಾಗ ನಾನು ಅತ್ತುಬಿಟ್ಟೆ. "ಅಳಬ್ಯಾಡ ಸುಮ್ಕಿರ. ಮುಂದಿನ ಹೋಳಿಗೆ ನೀ ನಿಂದ್ರಬೇಕು" ಅಂದಳು. ನಿಂತೆ. ಮರುವರ್ಷ ಮನೆಮನೆಯಿಂದಲೂ ಮುಚ್ಚಳದ ಗಡಿಗೆಗಳು ಹೊರಬಂದವು. ಯಾರು ಹೇಳಿದ್ದು ಎಂದು ಯಾರೂ ಹೇಳಲಿಲ್ಲ… ಆಮೇಲೆ ಅವಳನ್ನು ಕಂಡದ್ದು ಅಪರೂಪಕ್ಕೆ, ಅವರಿವರ ಲಗ್ನಗಳಲ್ಲಿ. ಅತ್ತೆಯ ಮಗನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ತೀರಿಹೋದ ಸುದ್ದಿ ನನಗೆ ಮುಟ್ಟಿದಾಗ ಮಣ್ಣಾಗಿ ತಿಂಗಳು ಕಳೆದಿತ್ತು.

ಈ ವರ್ಷ ನಮ್ಮೂರ ಸಾಲೆಯ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕರೆದು ಸಮಾರಂಭ ಮಾಡಿದರು. ಆ ಅತ್ತೆಯ ಮೊಮ್ಮಗನೇ ಕಮಿಟಿಯ ಅಧ್ಯಕ್ಷ. ಹುಡುಗ ಸಂಭಾವಿತ, ಊರಿಗೆ ಬೇಕಾದವನು. ಮೈಕಿನ ಮುಂದೆ ನಿಂತು, "ಅಂದಿನ ಅಗ್ನಿದಳದ ಹುಡುಗರು ಕೇರಿಯನ್ನು ಉಳಿಸಿದರು. ದೇವರ ದಯೆಯಿಂದ ನಮ್ಮ ಮನೆಯೂ ಉಳಿಯಿತು" ಅಂದ. ನಾನು ಎದ್ದು ನಿಂತೆ. "ಅಜ್ಜೀ, ಕೂಡ್ರಿ" ಎಂದು ಯಾರೋ ಸೆರಗು ಎಳೆದರು. ಕೂರಲಿಲ್ಲ. ಮೈಕಿಲ್ಲದೆಯೇ ಎಲ್ಲ ಹೇಳಿದೆ. ದೋಟಿ ಹೇಳಿದೆ, ಬೀಗ ಹೇಳಿದೆ, ಹಾಲಿನ ತಂಬಿಗೆ ಹೇಳಿದೆ. ಮಕ್ಕಳು ನಕ್ಕರು, ದೊಡ್ಡವರು ನಗಲಿಲ್ಲ.

ಸಮಾರಂಭ ಮುಗಿದ ಮೇಲೆ ಅವನು ನನ್ನನ್ನು ಹುಡುಕಿಕೊಂಡು ಬಂದ. "ಯಾರೋ ನಮ್ಮ ಮನಿ ಕೆಡವಿದ್ರು ಅಂತ ನಮ್ಮಜ್ಜಿ ಅಂತಿದ್ಲರಿ. ಉಳಿಸಿದ್ದು ಅಂತ ಗೊತ್ತ ಇರಲಿಲ್ಲ. ಆ ಅಮ್ಮಾರು ಈಗ ಎಲ್ಲದಾರ್ರಿ? ಕರಕೊಂಡ ಬರೂಣು, ಶಾಲು ಹೊದಿಸೂಣು."

"ತಡಾ ಮಾಡಿದ್ರಿ ತಮ್ಮಾ. ಆಕಿ ಇಲ್ಲ" ಅಂದೆ. ಇಡೀ ಊರಿಗೆ ಹೇಳಿದ್ದೆ. ಕೇಳಬೇಕಾದ ಒಬ್ಬಳು ಇರಲಿಲ್ಲ.

ಅವನು ಕೈಯಲ್ಲಿದ್ದ ಶಾಲನ್ನು, ಅವರ ಬದಲಿಗೆ ನೀವೇ ತಗೊಳ್ಳಿ ಎಂದು ನನಗೆ ಹೊದಿಸಲು ಬಂದ. ನಾನು ಬೇಡವೆಂದೆ. "ಶಾಲು ನಿನ್ನ ಹತ್ರನ ಇರಲಿ. ಅವತ್ತ ನಿಮ್ಮ ಮನ್ಯಾವರು ಆಕಿ ಕಡಿಂದ ತಪ್ಪಾತು ಅನಸಾಕ ನಿಂತಿದ್ರು. ಇವತ್ತ ನೀ ಅನ್ನು."

ಅವನು ತಲೆ ತಗ್ಗಿಸಿದ. ಜನ ಇನ್ನೂ ಪೂರ್ತಿ ಕರಗಿರಲಿಲ್ಲ. ಮೈಕಿನವನು ವೈರು ಸುತ್ತತೊಡಗಿದ್ದ.

"ನಿಂದ್ರಪಾ" ಎಂದೆ ಮೈಕಿನವನಿಗೆ. "ಅಧ್ಯಕ್ಷರದೊಂದು ಮಾತು ಉಳಿದೈತಿ."